ಒಂದು ಮತದ ಅಂತರ: ಜಿಲ್ಲೆಯ ಚುನಾವಣಾ ಲೆಕ್ಕವೂ ಉದ್ಯಮಿಯ ಹೊಣೆಯೂ

ವ್ಯಾಪಾರದ ಲೆಕ್ಕಪುಸ್ತಕಗಳಲ್ಲಿ ಅತಿ ಸಣ್ಣ ವ್ಯತ್ಯಾಸಗಳಿಗೆ ರಿಯಾಯಿತಿ ಉಂಟು. ವರ್ಷಾಂತ್ಯದ ತಾಳೆಪಟ್ಟಿಯಲ್ಲಿ ಪೈಸೆಗಳ ಹೆಚ್ಚುಕಡಿಮೆ ಕಂಡರೆ ಅದನ್ನು 'ರೌಂಡಿಂಗ್ ಆಫ್' ಖಾತೆಗೆ ಸೇರಿಸಿ ಮುಂದೆ ಸಾಗುವುದು ವಾಡಿಕೆ. ಆದಾಯ ತೆರಿಗೆಯ ಕಾನೂನು ಸಹ ಒಟ್ಟು ಆದಾಯವನ್ನು ಹತ್ತು ರೂಪಾಯಿಗಳಿಗೆ ಸರಿಹೊಂದಿಸಿಕೊಳ್ಳುತ್ತದೆ. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಗಣನೀಯವಾದ ವ್ಯತ್ಯಾಸಗಳಿಗೆ ಮಾತ್ರ ಮಹತ್ವ ನೀಡುತ್ತಾರೆ. ಆದರೆ ಈ ರಿಯಾಯಿತಿಗೆ ಕಿಂಚಿತ್ತೂ ಎಡೆಯಿಲ್ಲದ ಲೆಕ್ಕವೊಂದುಂಟು. ಅದು ಚುನಾವಣೆಯ ಮತ ಎಣಿಕೆ. ಇದಕ್ಕೆ ದೇಶದಲ್ಲಿಯೇ ಅತ್ಯಂತ ಪ್ರಸಿದ್ಧವಾದ ನಿದರ್ಶನವನ್ನು ಒದಗಿಸಿದ್ದು ಚಾಮರಾಜನಗರ ಜಿಲ್ಲೆಯೇ ಎಂಬುದು ಇಲ್ಲಿನ ವರ್ತಕರಿಗೆ ತಿಳಿದ ಸಂಗತಿ. ಆ ನಿದರ್ಶನಕ್ಕೂ ತಮ್ಮ ಅಂಗಡಿ, ಕಾರ್ಖಾನೆಗಳ ಹಾಜರಿ ಪುಸ್ತಕಕ್ಕೂ ಇರುವ ಸಂಬಂಧ ಮಾತ್ರ ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ.

ಸಂತೇಮರಹಳ್ಳಿ, 2004

2004ರಲ್ಲಿ ಲೋಕಸಭೆಗೂ ರಾಜ್ಯ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು. ದೇಶದಾದ್ಯಂತ ಎಲ್ಲ ಮತಗಟ್ಟೆಗಳಲ್ಲಿಯೂ ವಿದ್ಯುನ್ಮಾನ ಮತಯಂತ್ರ ಬಳಕೆಯಾದ ಮೊದಲ ಲೋಕಸಭಾ ಚುನಾವಣೆ ಅದು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರೂ ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರೂ ಎದುರಾಳಿಗಳಾಗಿದ್ದರು. ಕೃಷ್ಣಮೂರ್ತಿಯವರು ಹಿರಿಯ ರಾಜಕಾರಣಿ, ರಾಜ್ಯಪಾಲರೂ ಆಗಿದ್ದ ಬಿ. ರಾಚಯ್ಯನವರ ಪುತ್ರರು. ಎಣಿಕೆ ಮುಗಿದಾಗ ಧ್ರುವನಾರಾಯಣ ಅವರಿಗೆ 40,752 ಮತಗಳೂ ಕೃಷ್ಣಮೂರ್ತಿಯವರಿಗೆ 40,751 ಮತಗಳೂ ಲಭಿಸಿದ್ದವು. ಇಬ್ಬರೂ ಪಡೆದ ಒಟ್ಟು 81,503 ಮತಗಳಲ್ಲಿ ಅಂತರ ಒಂದೇ ಒಂದು.

ಕೃಷ್ಣಮೂರ್ತಿಯವರ ಕಾರಿನ ಚಾಲಕರು ಮತದಾನದ ದಿನ ಕೆಲಸದಲ್ಲಿಯೇ ಉಳಿದು ಮತ ಚಲಾಯಿಸಲಾಗಲಿಲ್ಲವೆಂದು ಅನಂತರದ ವರ್ಷಗಳಲ್ಲಿ ಪತ್ರಿಕೆಗಳು ಪದೇ ಪದೇ ವರದಿ ಮಾಡಿವೆ. ಆ ಒಂದು ಮತ ಬಿದ್ದಿದ್ದರೆ ಅವರು ಗೆಲ್ಲುತ್ತಿದ್ದರು ಎಂಬ ಮಾತು ಜನಜನಿತವಾಗಿದೆ. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ. ಇನ್ನೊಂದು ಮತ ಬಂದಿದ್ದರೆ ಇಬ್ಬರೂ 40,752ರಲ್ಲಿ ಸಮನಾಗುತ್ತಿದ್ದರು. ಆಗ ಪ್ರಜಾಪ್ರಾತಿನಿಧ್ಯ ಕಾಯ್ದೆ, 1951ರ 65ನೇ ಪ್ರಕರಣದಂತೆ ಚುನಾವಣಾಧಿಕಾರಿ ಚೀಟಿ ಎತ್ತಿ, ಅದರಲ್ಲಿ ಹೆಸರು ಬಂದವರಿಗೆ ಒಂದು ಹೆಚ್ಚುವರಿ ಮತ ದೊರೆತಂತೆ ಭಾವಿಸಿ ಫಲಿತಾಂಶ ಘೋಷಿಸಬೇಕಾಗುತ್ತಿತ್ತು. ಖಚಿತ ಗೆಲುವಿಗೆ ಬೇಕಿದ್ದುದು ಎರಡು ಮತಗಳು. ಅಲ್ಲದೆ, ಮತ ಹಾಕದೆ ಉಳಿದವರು ಅವರೊಬ್ಬರೇ ಅಲ್ಲ. ಅಂದು ಕ್ಷೇತ್ರದಲ್ಲಿ ಮತಗಟ್ಟೆಗೆ ಹೋಗದ ಪ್ರತಿಯೊಬ್ಬ ಮತದಾರನ ಪಾಲೂ ಆ ಅಂತರದಲ್ಲಿದೆ. ಹಾಗೆಯೇ ಗೆದ್ದವರಿಗೆ ಮತ ನೀಡಿದ 40,752 ಮಂದಿಯಲ್ಲಿ ಪ್ರತಿಯೊಬ್ಬರೂ ತಮ್ಮ ಮತದಿಂದಲೇ ಗೆಲುವಾಯಿತೆಂದು ಹೇಳಿಕೊಳ್ಳಬಹುದು.

ನಾಲ್ಕು ವರ್ಷಗಳ ನಂತರ, 2008ರಲ್ಲಿ, ರಾಜಸ್ಥಾನದ ನಾಥದ್ವಾರ ಕ್ಷೇತ್ರದಲ್ಲಿ ಇದೇ ಕಥೆ ಮರುಕಳಿಸಿತು. ಕಾಂಗ್ರೆಸ್ ನಾಯಕ ಸಿ.ಪಿ. ಜೋಶಿ ಅವರು 62,215 ಮತ ಪಡೆದು, 62,216 ಮತ ಪಡೆದ ಬಿಜೆಪಿಯ ಕಲ್ಯಾಣ್ ಸಿಂಗ್ ಚೌಹಾಣ್ ಅವರೆದುರು ಸೋತರು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ತಿರಸ್ಕೃತ ಅಂಚೆ ಮತಗಳ ಮರುಪರಿಶೀಲನೆಯ ನಂತರ ಬಿಜೆಪಿಯ ಸಿ.ಕೆ. ರಾಮಮೂರ್ತಿ ಅವರು ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ಅವರ ವಿರುದ್ಧ 16 ಮತಗಳಿಂದ ಗೆದ್ದರು.

ಜಿಲ್ಲೆಯ ಮತದಾರರ ಒಲವು

ಸಂತೇಮರಹಳ್ಳಿಯ ಫಲಿತಾಂಶವನ್ನು ಅಪರೂಪದ ಆಕಸ್ಮಿಕವೆಂದು ಬದಿಗಿಡುವಂತಿಲ್ಲ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಯಿತು. ಅದೇ ಇಬ್ಬರು ಅಭ್ಯರ್ಥಿಗಳು 2009ರ ಲೋಕಸಭಾ ಚುನಾವಣೆಯಲ್ಲಿ ಚಾಮರಾಜನಗರದಿಂದ ಮತ್ತೆ ಮುಖಾಮುಖಿಯಾದರು. ಕೃಷ್ಣಮೂರ್ತಿಯವರು ಆಗ ಬಿಜೆಪಿಯಲ್ಲಿದ್ದರು. ಧ್ರುವನಾರಾಯಣ ಅವರು ಗೆದ್ದದ್ದು 4,002 ಮತಗಳಿಂದ. 2014ರಲ್ಲಿ ಮೂರನೆಯ ಬಾರಿಗೆ ಸೆಣಸಿದಾಗ ಅಂತರ 1 ಲಕ್ಷ 41 ಸಾವಿರವನ್ನು ದಾಟಿತು. ಆದರೆ 2019ರಲ್ಲಿ ಲೆಕ್ಕ ತಿರುಗಿತು. ಬಿಜೆಪಿಯ ವಿ. ಶ್ರೀನಿವಾಸಪ್ರಸಾದ್ ಅವರು 5,68,537 ಮತ ಪಡೆದು, 5,66,720 ಮತ ಪಡೆದ ಧ್ರುವನಾರಾಯಣ ಅವರನ್ನು 1,817 ಮತಗಳಿಂದ ಸೋಲಿಸಿದರು.

ಈ 1,817ನ್ನು ಬಿಡಿಸಿ ನೋಡುವುದು ಉಪಯುಕ್ತ. ಇಬ್ಬರ ಮತಗಳ ಮೊತ್ತದಲ್ಲಿ ಅದು ಶೇಕಡಾ 0.16 ಮಾತ್ರ. ಹೆಗ್ಗಡದೇವನಕೋಟೆಯಿಂದ ಹನೂರಿನವರೆಗೆ ಲೋಕಸಭಾ ಕ್ಷೇತ್ರದಲ್ಲಿರುವ ವಿಧಾನಸಭಾ ಕ್ಷೇತ್ರಗಳು ಎಂಟು. ಒಂದೊಂದರಲ್ಲಿ ಸರಾಸರಿ 227 ಮತಗಳ ಅಂತರವಾಯಿತು. ಒಬ್ಬ ಅಭ್ಯರ್ಥಿಯಿಂದ ಮತ್ತೊಬ್ಬರಿಗೆ 909 ಮಂದಿ ಮನಸ್ಸು ಬದಲಿಸಿದ್ದರೆ, ಎಂದರೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ 114 ಮಂದಿ, ಫಲಿತಾಂಶವೇ ತಲೆಕೆಳಗಾಗುತ್ತಿತ್ತು. ಆ ಚುನಾವಣೆಯಲ್ಲಿ ನೋಂದಾಯಿತ ಮತದಾರರ ಪೈಕಿ ಸುಮಾರು ನಾಲ್ಕನೆಯ ಒಂದು ಭಾಗ ಮತಗಟ್ಟೆಗೆ ಬಂದಿರಲಿಲ್ಲ.

ಗುಂಡ್ಲುಪೇಟೆಯ ಅಂಕಿಅಂಶಗಳು ಬೇರೊಂದು ಪಾಠವನ್ನು ಹೇಳುತ್ತವೆ. ರಾಜ್ಯ ವಿಧಾನಸಭೆಯ ಪ್ರಥಮ ಮಹಿಳಾ ಸ್ಪೀಕರ್ ಆಗಿದ್ದ ಕೆ.ಎಸ್. ನಾಗರತ್ನಮ್ಮನವರ ಕ್ಷೇತ್ರವಿದು. ಸಚಿವ ಎಚ್.ಎಸ್. ಮಹದೇವಪ್ರಸಾದ್ ಅವರ ನಿಧನದಿಂದಾಗಿ 2017ರ ಏಪ್ರಿಲ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಸುಮಾರು ಶೇಕಡಾ 87ರಷ್ಟು ಮತದಾನವಾಯಿತು. ಕಾಂಗ್ರೆಸ್‌ನ ಗೀತಾ ಮಹದೇವಪ್ರಸಾದ್ ಅವರು 90,258 ಮತಗಳನ್ನೂ ಬಿಜೆಪಿಯ ಸಿ.ಎಸ್. ನಿರಂಜನಕುಮಾರ್ ಅವರು 79,381 ಮತಗಳನ್ನೂ ಪಡೆದರು. ಹದಿಮೂರು ತಿಂಗಳ ನಂತರ, 2018ರ ಸಾರ್ವತ್ರಿಕ ಚುನಾವಣೆಯಲ್ಲಿ, ಇದೇ ಇಬ್ಬರ ಮತಗಳು ಕ್ರಮವಾಗಿ 77,467 ಮತ್ತು 94,151. ಒಂದು ವರ್ಷದಲ್ಲಿ 10,877ರ ಮುನ್ನಡೆ 16,684ರ ಹಿನ್ನಡೆಯಾಯಿತು. 2023ರಲ್ಲಿ ಕಾಂಗ್ರೆಸ್‌ನ ಎಚ್.ಎಂ. ಗಣೇಶಪ್ರಸಾದ್ ಅವರು ಮೂವತ್ತಾರು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದು ಕ್ಷೇತ್ರವನ್ನು ಮರಳಿ ಪಡೆದರು. ಅದೇ ವರ್ಷ ಚಾಮರಾಜನಗರದಲ್ಲಿ ಸಿ. ಪುಟ್ಟರಂಗಶೆಟ್ಟಿ ಅವರು ವಿ. ಸೋಮಣ್ಣನವರನ್ನು 7,533 ಮತಗಳಿಂದ ಸೋಲಿಸಿದರು. 2004ರಲ್ಲಿ ಒಂದು ಮತದಿಂದ ಸೋತಿದ್ದ ಕೃಷ್ಣಮೂರ್ತಿಯವರು ಹತ್ತೊಂಬತ್ತು ವರ್ಷಗಳ ನಂತರ ಕಾಂಗ್ರೆಸ್ ಅಭ್ಯರ್ಥಿಯಾಗಿ ಕೊಳ್ಳೇಗಾಲದಲ್ಲಿ 59 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಜಯಗಳಿಸಿದ್ದೂ ಆಗಲೇ.

ಜಿಲ್ಲೆಯ ಮತದಾರರು ಯಾವುದೇ ಪಕ್ಷಕ್ಕೆ ಶಾಶ್ವತವಾಗಿ ಕಟ್ಟುಬಿದ್ದವರಲ್ಲ. ಅಂತರಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಮುಂದಿನ ಬಾರಿ ಯಾವುದು ಎಷ್ಟೆಂದು ಮೊದಲೇ ಹೇಳಲಾಗದು. ಆದ್ದರಿಂದಲೇ ಯಾವ ಮತವನ್ನೂ 'ಗಣನೀಯವಲ್ಲ' ಎಂದು ಬಿಡುವಂತಿಲ್ಲ.

ಸೋತವನಿಗೆ ಪಾಲಿಲ್ಲದ ಪದ್ಧತಿ

ಎಲ್ಲ ಚುನಾವಣಾ ಪದ್ಧತಿಗಳಲ್ಲಿಯೂ ಸಣ್ಣ ಅಂತರಕ್ಕೆ ಇಷ್ಟು ಬೆಲೆಯಿಲ್ಲ. ಅಮೆರಿಕದಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿಯನ್ನು ಆರಿಸಲು ಪಕ್ಷಗಳು ರಾಜ್ಯವಾರು ಪ್ರಾಥಮಿಕ ಚುನಾವಣೆ ನಡೆಸುತ್ತವೆ. 2016ರಲ್ಲಿ ಮಿಸೌರಿ ರಾಜ್ಯದ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಆರು ಲಕ್ಷಕ್ಕೂ ಮೀರಿದ ಮತಗಳ ಪೈಕಿ ಹಿಲರಿ ಕ್ಲಿಂಟನ್ ಅವರು ಬರ್ನಿ ಸ್ಯಾಂಡರ್ಸ್ ಅವರಿಗಿಂತ ಸುಮಾರು ಹದಿನೈದು ನೂರು ಮತ ಮಾತ್ರ ಮುಂದಿದ್ದರು. ಅಲ್ಲಿ ಪ್ರತಿನಿಧಿಗಳನ್ನು ಮತಗಳ ಪ್ರಮಾಣಕ್ಕೆ ತಕ್ಕಂತೆ ಹಂಚಲಾಗುವುದರಿಂದ ಒಬ್ಬರಿಗೆ 36, ಇನ್ನೊಬ್ಬರಿಗೆ 35 ಪ್ರತಿನಿಧಿಗಳು ದೊರೆತರು. ಪಾಲುದಾರಿಕೆ ಸಂಸ್ಥೆಯ ಲಾಭ ಹಂಚಿಕೆಯಂತೆ ಇಬ್ಬರೂ ತಮ್ಮ ಪಾಲನ್ನು ಪಡೆದರು. ನಮ್ಮ ದೇಶದ ವಿಧಾನಸಭೆ, ಲೋಕಸಭೆಗಳಲ್ಲಿ ಆ ಹಂಚಿಕೆಯಿಲ್ಲ. ಸಂತೇಮರಹಳ್ಳಿಯಲ್ಲಿ 40,752 ಮತಗಳಿಗೆ ಇಡೀ ಸ್ಥಾನ ದಕ್ಕಿತು, 40,751 ಮತಗಳಿಗೆ ಏನೂ ದಕ್ಕಲಿಲ್ಲ. ಆ ವರ್ಷ ವಿಧಾನಸಭೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಬರದೆ ಸಮ್ಮಿಶ್ರ ಸರ್ಕಾರ ರಚನೆಯಾಯಿತೆಂಬುದನ್ನು ನೆನೆದರೆ ಒಂದೊಂದು ಸ್ಥಾನದ ತೂಕವೂ ಅರಿವಾಗುತ್ತದೆ.

ಉದ್ಯಮಿಯ ಮೇಲಿರುವ ಕಾನೂನು

ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಗಮನಿಸಬೇಕಾದ ಸಂಗತಿ ಇಲ್ಲಿದೆ. ಮತ ಹಾಕುವುದು ಕಾರ್ಮಿಕನ ಇಚ್ಛೆ. ಆದರೆ ಅದಕ್ಕೆ ಬಿಡುವು ನೀಡುವುದು ಮಾಲೀಕನ ಇಚ್ಛೆಗೆ ಬಿಟ್ಟ ವಿಷಯವಲ್ಲ. ಪ್ರಜಾಪ್ರಾತಿನಿಧ್ಯ ಕಾಯ್ದೆಗೆ 1996ರಲ್ಲಿ ಸೇರಿಸಲಾದ 135-ಬಿ ಪ್ರಕರಣದ ಮುಖ್ಯಾಂಶಗಳು ಹೀಗಿವೆ:

1. ಯಾವುದೇ ವ್ಯಾಪಾರ, ಉದ್ಯಮ ಅಥವಾ ಇತರ ಸಂಸ್ಥೆಯಲ್ಲಿ ಕೆಲಸ ಮಾಡುವ, ಲೋಕಸಭೆ ಅಥವಾ ವಿಧಾನಸಭೆ ಚುನಾವಣೆಯಲ್ಲಿ ಮತದಾನದ ಹಕ್ಕುಳ್ಳ ಪ್ರತಿಯೊಬ್ಬರಿಗೂ ಮತದಾನದ ದಿನ ರಜೆ ನೀಡತಕ್ಕದ್ದು.

2. ಆ ರಜೆಗಾಗಿ ವೇತನ ಕಡಿತ ಮಾಡುವಂತಿಲ್ಲ. ದಿನಗೂಲಿಯವರಿಗೂ ಅಂದು ಕೆಲಸ ಮಾಡಿದ್ದರೆ ದೊರೆಯುತ್ತಿದ್ದ ಕೂಲಿಯನ್ನು ಕೊಡಬೇಕು.

3. ಉಲ್ಲಂಘಿಸಿದ ಮಾಲೀಕನಿಗೆ ಐದು ನೂರು ರೂಪಾಯಿಗಳವರೆಗೆ ದಂಡ ವಿಧಿಸಬಹುದು.

4. ನೌಕರನ ಗೈರುಹಾಜರಿಯಿಂದ ಆ ಉದ್ಯೋಗಕ್ಕೆ ಅಪಾಯ ಅಥವಾ ಗಣನೀಯ ನಷ್ಟ ಸಂಭವಿಸುವಂತಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ.

ದಂಡದ ಮೊತ್ತ ಅತ್ಯಲ್ಪವೆಂಬುದು ನಿಜ. ಆದರೆ ಅದನ್ನು ಕಂಡು ಕಾನೂನನ್ನೇ ಅಲ್ಪವೆಂದು ಭಾವಿಸುವುದು ಸರಿಯಲ್ಲ. ನಾಲ್ಕನೆಯ ಅಂಶದ ವಿನಾಯಿತಿಯೂ ಬಾಯ್ಲರ್, ಶೀತಲ ಗೃಹಗಳಂಥ ಕಡೆ ಅನಿವಾರ್ಯವಾಗಿ ಇರಲೇಬೇಕಾದ ಬೆರಳೆಣಿಕೆಯ ಸಿಬ್ಬಂದಿಗೆ ಸಲ್ಲಬಹುದೇ ಹೊರತು, ತುರ್ತು ಆರ್ಡರ್ ಇದೆಯೆಂದು ಇಡೀ ಘಟಕವನ್ನು ನಡೆಸಲು ಸಲ್ಲದು. ಅಂಥವರನ್ನು ಸಹ ಪಾಳಿಯ ಮೇಲೆ ಒಂದೆರಡು ಗಂಟೆ ಕಳುಹಿಸುವುದು ಕಷ್ಟವಲ್ಲ.

ಖರ್ಚಿನ ಲೆಕ್ಕ ನೋಡೋಣ. ಉದಾಹರಣೆಗೆ ಇಪ್ಪತ್ತು ಮಂದಿ ಕೆಲಸಗಾರರಿರುವ ಕಲ್ಲು ಪಾಲಿಶ್ ಘಟಕವೊಂದರಲ್ಲಿ ದಿನಗೂಲಿ 600 ರೂಪಾಯಿ ಎಂದುಕೊಂಡರೆ, ಒಂದು ದಿನದ ಹೊರೆ 12,000 ರೂಪಾಯಿ. ಐದು ವರ್ಷಗಳಲ್ಲಿ ಸಾಮಾನ್ಯವಾಗಿ ಬರುವ ಎರಡು ಚುನಾವಣೆಗಳಿಗೆ 24,000 ರೂಪಾಯಿ. ವರ್ಷಕ್ಕೆ 4,800, ತಲೆಗೆ 240 ರೂಪಾಯಿ. ಐದು ವರ್ಷಗಳ ಸುಮಾರು 1,500 ಕೆಲಸದ ದಿನಗಳಲ್ಲಿ ಎರಡು ದಿನವೆಂದರೆ ಶೇಕಡಾ 0.13. ಉತ್ಪಾದನೆಯ ನಷ್ಟ ಬೇರೆ ಎಂಬುದು ಒಪ್ಪತಕ್ಕ ಮಾತೇ. ಆದರೆ ಮತದಾನದ ದಿನಾಂಕ ವಾರಗಳ ಮೊದಲೇ ಪ್ರಕಟವಾಗುವುದರಿಂದ ಆರ್ಡರುಗಳನ್ನು ಹಿಂದುಮುಂದು ಹೊಂದಿಸಿಕೊಳ್ಳಲು ಸಾಕಷ್ಟು ಅವಕಾಶವಿರುತ್ತದೆ.

ಗಡಿಜಿಲ್ಲೆಯ ವಿಶೇಷ ತೊಡಕುಗಳು

ಕೇರಳ, ತಮಿಳುನಾಡುಗಳಿಗೆ ಅಂಟಿಕೊಂಡಿರುವ ಈ ಜಿಲ್ಲೆಯಲ್ಲಿ ರಜೆ ಘೋಷಿಸಿದರಷ್ಟೇ ಸಾಲದು. ಗುಂಡ್ಲುಪೇಟೆಯಿಂದ ತರಕಾರಿ, ಹೂವು ಹೊತ್ತು ವಯನಾಡು, ಕೋಳಿಕ್ಕೋಡ್ ಕಡೆಗೆ ಹೋಗುವ ಲಾರಿಗಳು ಬಂಡೀಪುರವನ್ನು ದಾಟಬೇಕು. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಮತದಾನದ ಹಿಂದಿನ ಸಂಜೆ ಹಿಂದಿರುಗಲು ತಡವಾದ ಚಾಲಕ ಗಡಿಯಲ್ಲಿಯೇ ರಾತ್ರಿ ಕಳೆಯಬೇಕಾಗುತ್ತದೆ. ಬೆಳಿಗ್ಗೆ ಗುಂಡ್ಲುಪೇಟೆಗೆ ಬಂದವನನ್ನು ಮಾಲೀಕನು ಮುಂದಿನ ಸರಕಿಗೆಂದು ಮೈಸೂರು, ಬೆಂಗಳೂರಿಗೆ ಓಡಿಸಿದರೆ ಆ ಮತ ಕೈತಪ್ಪಿದಂತೆಯೇ. 2004ರ ಪ್ರಸಂಗದಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಕೆಲಸದಲ್ಲಿದ್ದ ಚಾಲಕರೊಬ್ಬರ ಮತವೇ ಅಲ್ಲವೇ?

ಇನ್ನೊಂದು ತೊಡಕು ಹೊರಕ್ಷೇತ್ರದ ಕೆಲಸಗಾರರದು. ತಮಿಳುನಾಡಿನ ತಾಳವಾಡಿಯ ಕನ್ನಡಿಗ ಕಾರ್ಮಿಕನು ಚಾಮರಾಜನಗರದಲ್ಲಿ ಕೆಲಸ ಮಾಡುತ್ತಿದ್ದರೆ ಅವನ ಮತದಾನದ ದಿನ ಬೇರೆ. 2024ರ ಲೋಕಸಭಾ ಚುನಾವಣೆಯಲ್ಲಿ ತಮಿಳುನಾಡಿಗೆ ಏಪ್ರಿಲ್ 19, ಚಾಮರಾಜನಗರಕ್ಕೆ ಮತ್ತು ಕೇರಳಕ್ಕೆ ಏಪ್ರಿಲ್ 26 ನಿಗದಿಯಾಗಿತ್ತು. ಕಾರ್ಮಿಕನ ಹೆಸರು ಎಲ್ಲಿಯ ಪಟ್ಟಿಯಲ್ಲಿದೆಯೋ ಅಲ್ಲಿಯ ದಿನದಂದು ಅವನಿಗೆ ವೇತನಸಹಿತ ರಜೆ ಸಲ್ಲಬೇಕೆಂದು ಚುನಾವಣಾ ಆಯೋಗವು ಸ್ಪಷ್ಟಪಡಿಸಿದೆ. ಆದ್ದರಿಂದ ಹಾಜರಿ ಪುಸ್ತಕದಲ್ಲಿ ಪ್ರತಿ ಕೆಲಸಗಾರನ ಮತಕ್ಷೇತ್ರವನ್ನು ಒಂದು ಕಲಮಿನಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು.

ಬಿಡುವು ಕೊಡುವುದು ಬೇರೆ, ಮತ ಯಾರಿಗೆಂದು ಸೂಚಿಸುವುದು ಬೇರೆ. ಮಾಲೀಕನು ಮೊದಲನೆಯದನ್ನು ಮಾಡಲೇಬೇಕು, ಎರಡನೆಯದನ್ನು ಮಾಡಲೇಬಾರದು. ಮತ ಹಾಕದಿರುವುದೂ ಮತದಾರನ ನಿರ್ಧಾರವಾಗಿರಬಹುದು. 2024ರಲ್ಲಿ ಹನೂರು ಭಾಗದ ಇಂಡಿಗನತ್ತ ಗ್ರಾಮದಲ್ಲಿ ಮೂಲಸೌಕರ್ಯಗಳ ಬೇಡಿಕೆಯಿಂದ ಮತದಾನ ಬಹಿಷ್ಕಾರದ ಮಾತೆದ್ದು, ಗಲಾಟೆಯಲ್ಲಿ ಮತಯಂತ್ರ ಧ್ವಂಸವಾಗಿ, ಏಪ್ರಿಲ್ 29ರಂದು ಮರುಮತದಾನ ನಡೆಸಬೇಕಾಯಿತು. ಹಿಂಸೆ ಖಂಡನೀಯ, ಆದರೂ ಮತದಿಂದ ದೂರವುಳಿಯುವ ತೀರ್ಮಾನ ಆ ಜನರದಾಗಿತ್ತು. ಕೆಲಸದ ಒತ್ತಡದಿಂದ ಮತ ತಪ್ಪಿಸಿಕೊಳ್ಳುವವನ ವಿಷಯದಲ್ಲಿ ಆ ತೀರ್ಮಾನ ಅವನದಲ್ಲ, ಬೇರೊಬ್ಬರದು.

ಮತಗಟ್ಟೆಯ ಅಧಿಕಾರಿಯು ದಿನದ ಕೊನೆಗೆ ನಮೂನೆ 17-ಸಿ ಎಂಬ ಲೆಕ್ಕಪತ್ರದಲ್ಲಿ ಯಂತ್ರದಲ್ಲಿ ದಾಖಲಾದ ಮತಗಳ ಸಂಖ್ಯೆಯನ್ನು ಬರೆದು, ಅಭ್ಯರ್ಥಿಗಳ ಏಜೆಂಟರಿಗೆ ಪ್ರತಿ ನೀಡುತ್ತಾನೆ. ಎಣಿಕೆಯ ದಿನ ಅದಕ್ಕೆ ತಾಳೆ ನೋಡಲಾಗುತ್ತದೆ. ಫಲಿತಾಂಶದ ಬಗ್ಗೆ ತಕರಾರಿದ್ದರೆ 45 ದಿನಗಳೊಳಗೆ ಹೈಕೋರ್ಟಿಗೆ ಚುನಾವಣಾ ಅರ್ಜಿ ಸಲ್ಲಿಸಲು ಅವಕಾಶವಿದೆ. ಬಿದ್ದ ಮತಗಳನ್ನು ಕಾಯಲು ಇಷ್ಟೆಲ್ಲ ಏರ್ಪಾಡುಗಳುಂಟು. ಬೀಳದೆ ಹೋದ ಮತ ಮಾತ್ರ ಯಾವ ನಮೂನೆಯಲ್ಲಿಯೂ ದಾಖಲಾಗದು, ಯಾವ ನ್ಯಾಯಾಲಯವೂ ಅದನ್ನು ಮರಳಿ ಎಣಿಸದು. ಅದನ್ನು ಉಳಿಸಬಲ್ಲವರು ಆ ದಿನ ಬೆಳಿಗ್ಗೆ ಅಂಗಡಿಯ, ಕಾರ್ಖಾನೆಯ ಬಾಗಿಲಿನ ಬೀಗದ ಕೈ ಹಿಡಿದವರೇ.