ವೃದ್ಧ ತಾರೆಗಳ ಊರಿನಲ್ಲಿ ನೀಲ ಜ್ವಾಲೆ

ಕಮ್ಮಾರನ ಕುಲುಮೆಯಲ್ಲಿಟ್ಟ ಕಬ್ಬಿಣವು ಮೊದಲು ಕೆಂಪೇರುತ್ತದೆ; ಇನ್ನೂ ಕಾದಂತೆ ಹಳದಿಯಾಗಿ, ಕೊನೆಗೆ ಬೆಳ್ಳಗೆ ಹೊಳೆಯುತ್ತದೆ. ನಕ್ಷತ್ರಗಳ ಬಣ್ಣದ ಗುಟ್ಟೂ ಇದೇ. ಕೆಂಪು ತಾರೆಯ ಮೈ ಅಷ್ಟಾಗಿ ಬಿಸಿಯಲ್ಲ. ನೀಲ ತಾರೆಯದು ಉಗ್ರವಾದ ತಾಪ. ಸಾಮಾನ್ಯವಾಗಿ ನೀಲ ತಾರೆ ತನ್ನ ಇಂಧನವನ್ನು ದುಂದುಗಾರನಂತೆ ಸುಟ್ಟುಬಿಡುವುದರಿಂದ ಅದಕ್ಕೆ ಆಯುಷ್ಯವೂ ಕಡಿಮೆ.

ನಮ್ಮ ಆಕಾಶಗಂಗೆಯಲ್ಲಿ 150ಕ್ಕೂ ಹೆಚ್ಚು ಗೋಳಾಕಾರದ ನಕ್ಷತ್ರಗುಚ್ಛಗಳಿವೆ. ದೊಡ್ಡ ಗುಚ್ಛಗಳಲ್ಲಿ ಲಕ್ಷಾಂತರ ತಾರೆಗಳು ಜೇನುಹಿಂಡಿನಂತೆ ಒತ್ತಾಗಿ ನೆರೆದಿವೆ. ಇವುಗಳಲ್ಲಿ ಬಹುತೇಕ ಗುಚ್ಛಗಳ ವಯಸ್ಸು 1,000 ಕೋಟಿ ವರ್ಷಗಳಿಗೂ ಮಿಗಿಲು. ಇಂತಹ ಮುದಿ ಊರಿನಲ್ಲಿ ನೀಲ ತಾರೆಗಳು ಎಂದೋ ಆರಿಹೋಗಿರಬೇಕಲ್ಲವೆ? ಆದರೆ 1953ರಲ್ಲಿ ಅಮೆರಿಕದ ಅಲನ್ ಸ್ಯಾಂಡೇಜ್ ಎಂ. 3 ಎಂಬ ಗುಚ್ಛವನ್ನು ಪರಿಶೀಲಿಸಿದಾಗ, ಅಲ್ಲಿ ಇರಬಾರದ ಕೆಲವು ನೀಲ ತಾರೆಗಳು ಗೋಚರಿಸಿದವು!

ಇಂತಹವನ್ನು ನೆಲದಿಂದ ಹುಡುಕುವುದು ಸುಲಭವಲ್ಲ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಕೆಂಪು ದೈತ್ಯತಾರೆಗಳ ಪ್ರಭೆಯೇ ಉಳಿದವನ್ನು ಮರೆಮಾಡುತ್ತದೆ. ಅತಿನೇರಳೆ ಕಿರಣಗಳಲ್ಲಿ ನೋಡಿದರೆ ದೃಶ್ಯವೇ ಬೇರೆ: ಕೆಂಪು ತಾರೆಗಳು ಮಸುಳಿ, ಬಿಸಿ ತಾರೆಗಳು ಮಾತ್ರ ಕಾರ್ತಿಕದ ಹಣತೆಗಳಂತೆ ಉಳಿಯುತ್ತವೆ. ಆದರೆ ನಮ್ಮನ್ನು ಪೊರೆಯುವ ವಾಯುಮಂಡಲವೇ ಆ ಕಿರಣಗಳನ್ನು ತಡೆಯುತ್ತದೆ. ಆದುದರಿಂದ ದೂರದರ್ಶಕವು ಅದರಾಚೆಗೆ ಏರಲೇಬೇಕು.

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಹಾರಿದ ಭಾರತದ ‘ಆಸ್ಟ್ರೋಸ್ಯಾಟ್’ ಉಪಗ್ರಹವು ಇಂತಹ ಅವಳಿ ದೂರದರ್ಶಕವನ್ನು ಹೊತ್ತೊಯ್ದಿತು. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ, ಹೊಸಕೋಟೆಯ ಪ್ರಯೋಗಾಲಯದಲ್ಲಿ ಅದು ಸಿದ್ಧಗೊಂಡಿತು. ಅದರ ಒಂದೊಂದು ಕನ್ನಡಿಯ ವ್ಯಾಸ 37.5 ಸೆಂಟಿಮೀಟರ್, ಒಂದು ಮೊಳಕ್ಕಿಂತಲೂ ಕಿರಿದು. ಆದರೂ ಹುಣ್ಣಿಮೆಯ ಚಂದ್ರನಷ್ಟು ಅಗಲದ ಆಕಾಶವನ್ನು ಒಮ್ಮೆಗೇ ನೋಡಿ, ಒತ್ತಾಗಿರುವ ತಾರೆಗಳನ್ನು ಬಿಡಿಬಿಡಿಯಾಗಿ ತೋರಿಸುವ ಸಾಮರ್ಥ್ಯ ಅದಕ್ಕಿತ್ತು.

ಸ್ವಾತಿ ನಕ್ಷತ್ರವಿರುವ ಪುಂಜದಲ್ಲಿ ಎನ್.ಜಿ.ಸಿ. 5466 ಎಂಬ ಗುಚ್ಛವಿದೆ. ಅಲ್ಲಿಯ ಒಂದು ನೀಲ ತಾರೆಯ ಜೊತೆಯಲ್ಲಿ ಬಿಸಿಯಾದ ಶ್ವೇತಕುಬ್ಜವೊಂದು ಅಡಗಿರುವುದನ್ನು ಈ ದೂರದರ್ಶಕದ ನೆರವಿನಿಂದ 2019ರಲ್ಲಿ ಗುರುತಿಸಲಾಯಿತು. ಯಯಾತಿಯು ಪುರುವಿನಿಂದ ಯೌವನವನ್ನು ಪಡೆದ ಕಥೆ ಎಲ್ಲರೂ ಬಲ್ಲುದೇ. ಇಲ್ಲಿಯೂ ಸಂಗಾತಿಯ ದ್ರವ್ಯವನ್ನು ಸೆಳೆದುಕೊಂಡು ಒಂದು ತಾರೆ ಮರಳಿ ಯೌವನ ತಾಳಿದೆ. ಕೊಟ್ಟ ತಾರೆಯ ತಿರುಳು ಮಾತ್ರ ಉಳಿದಿದೆ.

ಅಗಸ್ತ್ಯ ನಕ್ಷತ್ರವಿರುವ ಪುಂಜದಲ್ಲಿ, 30,000 ಜ್ಯೋತಿರ್ವರ್ಷಗಳಿಗೂ ದೂರದಲ್ಲಿ, ಎನ್.ಜಿ.ಸಿ. 2808 ಎಂಬ ಮತ್ತೊಂದು ಗುಚ್ಛವಿದೆ. ದೀಪ್ತಿ ಪ್ರಭು, ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ಸ್ನೇಹಲತಾ ಸಾಹು ಅವರು ಅದರಲ್ಲಿ 34 ಉಜ್ವಲ ತಾರೆಗಳನ್ನು ಗುರುತಿಸಿದುದು 2021ರಲ್ಲಿ ಪ್ರಕಟವಾಯಿತು. ಅವುಗಳಲ್ಲೊಂದು ಸೂರ್ಯನಿಗಿಂತ ಸುಮಾರು 3,000 ಪಟ್ಟು ಪ್ರಕಾಶಮಾನ. ಅದರ ಮೇಲ್ಮೈ ಉಷ್ಣತೆ ಸುಮಾರು 1,00,000 ಕೆಲ್ವಿನ್. ನಮ್ಮ ಸೂರ್ಯನದು ಕೇವಲ 6,000ದ ಆಸುಪಾಸು! ಇದು ಎರವಲು ತಂದ ಯೌವನವಲ್ಲ. ಮೇಲಿನ ಹೊದಿಕೆಯನ್ನು ಕಳಚಿಕೊಂಡ ವೃದ್ಧತಾರೆಯ ಬೆತ್ತಲೆ ತಿರುಳೇ ಹೀಗೆ ಉರಿಯುತ್ತಿದೆ. ಈ ಅವಸ್ಥೆ ಅಲ್ಪಕಾಲದ್ದು; ಆದುದರಿಂದಲೇ ಇಂತಹ ತಾರೆಗಳು ವಿರಳ.

ಸುಮಾರು 500 ಕೋಟಿ ವರ್ಷಗಳ ತರುವಾಯ ನಮ್ಮ ಸೂರ್ಯನೂ ಉಬ್ಬಿ ಕೆಂಪಾಗಿ, ಹೊದಿಕೆಯನ್ನು ಚೆಲ್ಲಿ, ಶ್ವೇತಕುಬ್ಜವಾಗಿ ತಣಿಯಬೇಕು. ಮುಪ್ಪಿನಲ್ಲಿ ನಕ್ಷತ್ರವು ಎಷ್ಟು ದ್ರವ್ಯವನ್ನು ಆಕಾಶಕ್ಕೆ ಹಿಂದಿರುಗಿಸುತ್ತದೆ ಎಂಬ ಲೆಕ್ಕಕ್ಕೆ ಈ ನೀಲ ಜ್ವಾಲೆಗಳೇ ಸಾಕ್ಷಿ. ನಮ್ಮ ದೇಹದ ಇಂಗಾಲವೂ ಹಿಂದೆಂದೋ ಗತಿಸಿದ ನಕ್ಷತ್ರಗಳು ಹಾಗೆ ಬಿಟ್ಟುಕೊಟ್ಟ ಆಸ್ತಿಯೇ ಆಗಿದೆ.