ಬಹುಕರ್ತೃಕ ಲೇಖನದಲ್ಲಿ ನಿವರ್ತನ ಮತ್ತು ಪುನಃಪ್ರವರ್ತನ

ಗಣಕಯಂತ್ರದಲ್ಲಿ ಬರೆಯುವವರೆಲ್ಲರೂ ಬಲ್ಲ ಸೌಕರ್ಯಗಳು ಎರಡುಂಟು. ಮಾಡಿದುದನ್ನು ಮಾಡದಂತಾಗಿಸುವುದು ಒಂದು. ಹಾಗೆ ತೆಗೆದುದನ್ನು ಮರಳಿ ನಿಲ್ಲಿಸುವುದು ಇನ್ನೊಂದು. ತಂತ್ರಜ್ಞರು ಇವನ್ನು ಅನ್‌ಡೂ, ರೀಡೂ ಎನ್ನುವರು. ಈ ಲೇಖನದಲ್ಲಿ ನಿವರ್ತನ, ಪುನಃಪ್ರವರ್ತನ ಎಂದು ಕರೆಯೋಣ. ಬರೆಯುವವನು ಒಬ್ಬನೇ ಆದರೆ ಇವುಗಳ ವಿಧಾನವು ಸುಲಭ. ಕಾರ್ಯಗಳನ್ನು ಒಂದರ ಮೇಲೊಂದು ಪೇರಿಸಿಟ್ಟು, ಕಡೆಯದನ್ನು ಮೊದಲು ತೆಗೆಯುತ್ತ ಬಂದರೆ ಸಾಕು. ಆದರೆ ಈಗ ಒಂದೇ ಗ್ರಂಥವನ್ನು ಬೇರೆ ಬೇರೆ ಊರುಗಳಲ್ಲಿರುವವರು ಏಕಕಾಲದಲ್ಲಿ ತಿದ್ದುವುದು ರೂಢಿಯಾಗಿದೆ. ಗ್ರಂಥಸಂಪಾದನೆಯಲ್ಲಿ ತೊಡಗಿದವರೂ ಈ ಕ್ರಮವನ್ನು ಅವಲಂಬಿಸುತ್ತಿರುವುದರಿಂದ, ಅಲ್ಲಿ ನಿವರ್ತನವೆಂದರೆ ಏನೆಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಆಳಂದ, ಅಫಜಲಪುರ, ಜೇವರ್ಗಿಗಳ ಮೂವರು ಅಧ್ಯಾಪಕರು ಜೇವರ್ಗಿಯ ಷಣ್ಮುಖಸ್ವಾಮಿಗಳ ವಚನಗಳಿಗೆ ಪೀಠಿಕೆಯನ್ನು ಕೂಡಿ ಬರೆಯುತ್ತಿದ್ದಾರೆ. ‘ಷಣ್ಮುಖಸ್ವಾಮಿಗಳು ವಚನಕಾರರು’ ಎಂಬುದು ಮೊದಲ ವಾಕ್ಯ. ಆಳಂದದವರು ಆದಿಯಲ್ಲಿ ‘ಜೇವರ್ಗಿಯ’ ಎಂದು ಸೇರಿಸಿದರು. ಬಳಿಕ ಅಫಜಲಪುರದವರು ಮೂರನೆಯ ಸ್ಥಾನದಲ್ಲಿ ‘ಪ್ರಸಿದ್ಧ’ ಎಂಬ ಪದವನ್ನಿಟ್ಟರು. ಈಗ ಆಳಂದದವರು ನಿವರ್ತನವನ್ನು ಬಯಸಿದರೆ ಹೋಗಬೇಕಾದುದು ಯಾವುದು? ಎಲ್ಲರ ಕಾರ್ಯಗಳನ್ನೂ ಒಂದೇ ರಾಶಿಯಾಗಿ ಪೇರಿಸಿದ್ದರೆ ಕಡೆಯದಾದ ‘ಪ್ರಸಿದ್ಧ’ವೇ ಹೋಗುವುದು, ಅದು ಪರರ ಶ್ರಮ. ಪೂರ್ವದ ಪ್ರತಿಯನ್ನೇ ಮರಳಿ ತಂದರೆ ಎರಡು ಪದಗಳೂ ಹೋಗುವುವು. ಆದುದರಿಂದ ಮೊದಲನೆಯ ನಿಯಮವೇನೆಂದರೆ, ಒಬ್ಬನ ನಿವರ್ತನವು ಅವನ ಕಾರ್ಯವನ್ನು ಮಾತ್ರ ಮುಟ್ಟಬೇಕು.

ಇಷ್ಟರಿಂದಲೇ ತೊಡಕು ತೀರುವುದಿಲ್ಲ. ‘ಜೇವರ್ಗಿಯ’ ಎಂಬುದು ಹೋದ ಮೇಲೆ ‘ಪ್ರಸಿದ್ಧ’ವು ಎರಡನೆಯ ಸ್ಥಾನಕ್ಕೆ ಸರಿಯಿತು. ಆಗ ಅಫಜಲಪುರದವರು ತಮ್ಮ ಪದವನ್ನು ಹಿಂದೆಗೆದುಕೊಳ್ಳಲು, ಯಂತ್ರವು ‘ಮೂರನೆಯ ಪದವನ್ನು ತೆಗೆ’ ಎಂಬ ಹಳೆಯ ಲೆಕ್ಕವನ್ನೇ ಹಿಡಿದರೆ, ‘ಷಣ್ಮುಖಸ್ವಾಮಿಗಳು ಪ್ರಸಿದ್ಧ’ ಎಂಬ ಮೊಂಡು ವಾಕ್ಯವು ಉಳಿಯುವುದು. ಈ ಸ್ಥಾನಭ್ರಂಶಕ್ಕೆ ಎರಡು ಪರಿಹಾರಗಳು ಕಂಡುಬಂದಿವೆ. ಎಲಿಸ್ ಮತ್ತು ಗಿಬ್ಸ್ ಎಂಬವರು ೧೯೮೯ರಲ್ಲಿ ಪ್ರಕಟಿಸಿದ ಮಾರ್ಗವು ಒಂದು: ನಡುವೆ ನಡೆದ ಅನ್ಯರ ಕಾರ್ಯಗಳಿಗೆ ಅನುಗುಣವಾಗಿ ಪ್ರತಿಯೊಂದು ಆಜ್ಞೆಯನ್ನೂ ಪರಿವರ್ತಿಸಿ, ‘ಮೂರನೆಯ’ ಎಂಬುದನ್ನು ‘ಎರಡನೆಯ’ ಎಂದು ಮಾಡಿಕೊಳ್ಳುವುದು. ಪ್ರತಿಯೊಂದು ಅಕ್ಷರಕ್ಕೂ ಎಂದಿಗೂ ಬದಲಾಗದ ಗುರುತನ್ನಿಟ್ಟು, ಅಳಿಸಿದ ಅಕ್ಷರವನ್ನು ನಾಶಮಾಡದೆ ಮರೆಯಾಗಿಸಿ ಮಾತ್ರ ಇಡುವುದು ಎರಡನೆಯದು.

ಈ ಎರಡನೆಯ ಮಾರ್ಗವು ವ್ಯಾಕರಣಶಾಸ್ತ್ರವನ್ನು ಬಲ್ಲವರಿಗೆ ಹೊಸದೆನಿಸದು. ಪಾಣಿನಿಯ ಮತದಲ್ಲಿ ಲೋಪವೆಂದರೆ ಕಾಣದಿರುವುದು. ಪ್ರತ್ಯಯವು ಲೋಪವಾದರೂ ತನ್ನಿಮಿತ್ತವಾದ ಕಾರ್ಯವು ನಡೆಯುವುದೆಂದು ಅವನು ವಿಧಿಸಿದ್ದಾನೆ. ‘ಅಗ್ನಿಚಿತ್’ ಎಂಬಲ್ಲಿ ಕ್ವಿಪ್ ಪ್ರತ್ಯಯವು ಸಂಪೂರ್ಣವಾಗಿ ಲೋಪವಾಗಿದ್ದರೂ ಕಡೆಯ ತಕಾರವು ಅದರ ಬಲದಿಂದಲೇ ಬಂದುದು. ಅಂತೆಯೇ ಇಲ್ಲಿಯೂ ಮರೆಯಾದ ‘ಜೇವರ್ಗಿಯ’ ಎಂಬ ಪದವು ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲವಾದುದರಿಂದ, ಉಳಿದವರ ಲೆಕ್ಕವು ಕೆಡುವುದಿಲ್ಲ. ಪುನಃಪ್ರವರ್ತನವೆಂದರೆ ಹೊಸ ಪದವನ್ನು ಬರೆಯುವುದಲ್ಲ, ಅದೇ ಪದವನ್ನು ಮತ್ತೆ ಕಾಣಿಸುವುದು. ಒಬ್ಬನೇ ಬರೆಯುವಲ್ಲಿ ನಿವರ್ತನದ ಬಳಿಕ ಹೊಸದೇನನ್ನಾದರೂ ಬರೆದರೆ ಪುನಃಪ್ರವರ್ತನದ ಅಧಿಕಾರವು ಸಾಮಾನ್ಯವಾಗಿ ತಪ್ಪುವುದು. ಹಲವರು ಬರೆಯುವಲ್ಲಿ ಅನ್ಯರು ಬರೆದುದರಿಂದ ನನ್ನ ಅಧಿಕಾರವು ತಪ್ಪಕೂಡದು.

ಎಲ್ಲಕ್ಕಿಂತ ಕಠಿನವಾದುದು ಒಂದರ ಮೇಲೊಂದು ಆಶ್ರಿತವಾದ ಕಾರ್ಯಗಳ ಪ್ರಸಂಗ. ನಿವರ್ತನಕ್ಕೆ ಮುಂಚೆಯೇ ಜೇವರ್ಗಿಯವರು ‘ಜೇವರ್ಗಿಯ’ ಎಂಬುದನ್ನು ‘ಜೇವರಗಿಯ’ ಎಂದು ತಿದ್ದಿದ್ದರು ಎನ್ನೋಣ. ಮೂಲಪದವು ಹೋದರೆ ತಿದ್ದುಪಡಿಯು ಎಲ್ಲಿ ನಿಲ್ಲಬೇಕು? ಅತುಲ್ ಪ್ರಕಾಶ್ ಮತ್ತು ನಿಸ್ಟರ್ ಎಂಬವರು ೧೯೯೪ರ ತಮ್ಮ ಪ್ರಬಂಧದಲ್ಲಿ, ಇಂತಹ ವಿರೋಧವನ್ನು ಮೊದಲೇ ಪರೀಕ್ಷಿಸಿ, ಅದು ಇದ್ದಲ್ಲಿ ನಿವರ್ತನವನ್ನು ತಡೆಯುವ ಕ್ರಮವನ್ನು ವಿವರಿಸಿದ್ದಾರೆ. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಆಚರಣೆಯೂ ಬಹುಮಟ್ಟಿಗೆ ಹೀಗೆಯೇ ಇದೆ. ನಡುವಣ ತಿದ್ದುಪಡಿಗಳು ಅಡ್ಡಬಂದರೆ ಯಂತ್ರವು ಹಿಂದೆಗೆಯಲು ಒಪ್ಪದೆ, ಕೈಯಿಂದ ತಿದ್ದುವ ಕೆಲಸವನ್ನು ಮನುಷ್ಯನಿಗೇ ಬಿಡುವುದು. ಹಿಂದೆಗೆದುದೂ ಅಲ್ಲಿ ಒಂದು ಹೊಸ ಆವೃತ್ತಿಯಾಗಿ ಚರಿತ್ರೆಯಲ್ಲಿ ದಾಖಲಾಗುವುದು; ಹಿಂದಿನ ಪಾಠವೂ ಅಲ್ಲಿಯೇ ಓದಲು ದೊರೆಯುವುದು. ತಿರಸ್ಕೃತ ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಉಳಿಸುವ ಸಂಪಾದಕರ ಧರ್ಮಕ್ಕೆ ಇದು ಸಮೀಪವಾದುದು.

ಇಷ್ಟಾದರೂ ನಿವರ್ತನಕ್ಕೆ ಒಂದು ಮೇರೆಯುಂಟು. ಮತದಾರರ ಪಟ್ಟಿಯೂ ಹಲವರ ಬೇಡಿಕೆಗಳಿಂದ ತಿದ್ದಲ್ಪಡುವ ಗ್ರಂಥವೇ. ೨೦೨೩ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದಲ್ಲಿ ಹೆಸರುಗಳನ್ನು ತೆಗೆಯಬೇಕೆಂದು ೬,೦೧೮ ಅರ್ಜಿಗಳು ಅಂತರ್ಜಾಲದ ಮೂಲಕ ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದವು ಕೇವಲ ೨೪. ಉಳಿದ ೫,೯೯೪ನ್ನು ತಿರಸ್ಕರಿಸಲಾಯಿತೆಂದು ಚುನಾವಣಾ ಆಯೋಗವು ೨೦೨೫ರಲ್ಲಿ ತಿಳಿಸಿತು. ಮೊದಲು ಅಳಿಸಿ ಆಮೇಲೆ ವಿಚಾರಿಸುವ ಪದ್ಧತಿಯಿದ್ದಿದ್ದರೆ, ಅಳಿದ ಹೆಸರನ್ನು ಹೊಸ ಅರ್ಜಿಯಿಂದ ಮರಳಿ ಸೇರಿಸಬಹುದಾಗಿತ್ತು. ಆದರೆ ಮತದಾನದ ದಿನವು ಕಳೆದ ಮೇಲೆ ತಪ್ಪಿದ ಮತಕ್ಕೆ ಪುನಃಪ್ರವರ್ತನವಿಲ್ಲ. ಗ್ರಂಥದೊಳಗಿನ ಅಕ್ಷರವನ್ನು ಹಿಂದಕ್ಕೆ ತರಬಹುದು, ಅದರಿಂದ ಲೋಕದಲ್ಲಿ ನಡೆದುಹೋದ ಫಲವನ್ನು ತರಲಾಗದು. ಅಂತಹ ಸ್ಥಳಗಳಲ್ಲಿ ಕಾರ್ಯಕ್ಕೆ ಮುಂಚೆ ನಡೆಯುವ ಪರೀಕ್ಷೆಯೇ ರಕ್ಷಣೆ.

ಒಟ್ಟಿನಲ್ಲಿ, ಬಹುಕರ್ತೃಕ ಲೇಖನದಲ್ಲಿ ನಿವರ್ತನವೆಂಬುದು ಕಾಲವನ್ನು ಹಿಂದಕ್ಕೆ ತಿರುಗಿಸುವುದಲ್ಲ. ಅದು ತಾನೇ ಒಂದು ಹೊಸ ಕಾರ್ಯ. ಅದಕ್ಕೂ ಕರ್ತೃವುಂಟು, ಆ ಕರ್ತೃವಿನ ಹೆಸರೂ ದಾಖಲೆಯಲ್ಲಿ ನಿಲ್ಲಬೇಕು. ಕೂಡಿ ಸಂಪಾದಿಸಲು ಹೊರಡುವವರು ತಾವು ಆರಿಸುವ ಸಾಧನವು ಈ ನಿಯಮಗಳನ್ನು ಪಾಲಿಸುವುದೇ ಎಂಬುದನ್ನು ಕೆಲಸದ ಆರಂಭದಲ್ಲಿಯೇ ಒಂದೆರಡು ವಾಕ್ಯಗಳಿಂದ ಪರೀಕ್ಷಿಸಿ ನೋಡುವುದು ಒಳಿತು.