ಪೆಟ್ಟಿಗೆಯ ಸದ್ದು ಇಳಿದರೆ ಬಿ.ಪಿ. ಇಳಿದೀತೇ?

ಬೆಳಿಗ್ಗೆ ಎಂಟೂವರೆ. ಅಂಗಡಿಯ ಶೆಟರ್ ಇನ್ನೂ ಅರ್ಧ ಎತ್ತಿದೆ. ಅಷ್ಟರಲ್ಲೇ ಹಳೆ ಬಾಕಿಯ ಗಿರಾಕಿ ಮತ್ತೆ ಸಾಲ ಕೇಳಲು ಹಾಜರ್. ಅವನ ಹಿಂದೆಯೇ ಹೋಲ್‌ಸೇಲ್ ಅಂಗಡಿಯ ವಸೂಲಿ ಹುಡುಗ. ಗಲ್ಲಾದಲ್ಲಿ ನೋಡಿದರೆ ಚಿಲ್ಲರೆಯೂ ಇಲ್ಲ. ಯಜಮಾನರ ಕತ್ತು ಬಿಗಿಯುತ್ತದೆ, ದವಡೆ ಗಟ್ಟಿಯಾಗುತ್ತದೆ, ಅಂಗೈ ಬೆವರುತ್ತದೆ. ಇದ್ಯಾವುದೂ ಅವರಿಗೇ ಗೊತ್ತಾಗುವುದಿಲ್ಲ. ಗೊತ್ತಾಗುವುದು ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿದ ಮೇಲೆ.

"ನೂರಾ ಎಪ್ಪತ್ತಿದೆ ಸಾವ್ಕಾರ್ರೇ, ಟೆನ್ಷನ್ ಕಡಿಮೆ ಮಾಡ್ಕೊಳ್ಳಿ."

ಸರಿ ಸ್ವಾಮಿ, ಹೇಗೆ ಮಾಡಿಕೊಳ್ಳೋದು? ಅದನ್ನು ಮಾತ್ರ ಹೇಳುವವರು ಕಡಿಮೆ.

ಹೇಳಿಕೊಟ್ಟವರೊಬ್ಬರಿದ್ದರು. ಇಂಗ್ಲೆಂಡಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಭಾರತೀಯ ಮೂಲದ ಲೇಡಿ ಡಾಕ್ಟರ್ ಚಂದ್ರಾ ಪಟೇಲ್. ತಮ್ಮ ಬಳಿ ಬರುತ್ತಿದ್ದ 20 ಮಂದಿ ಬಿ.ಪಿ. ರೋಗಿಗಳನ್ನು ಮಲಗಿಸಿ ಶವಾಸನದಂತೆ ಮೈ ಸಡಿಲ ಬಿಡಲು ಕಲಿಸಿದರು. ಜೊತೆಗೆ ಒಂದು ಪೆಟ್ಟಿಗೆಯನ್ನೂ ಇಟ್ಟರು. 1973ರಲ್ಲಿ 'ಲ್ಯಾನ್ಸೆಟ್' ವೈದ್ಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಐವರಿಗೆ ಮಾತ್ರೆಯೇ ನಿಂತಿತ್ತು. ಏಳು ಮಂದಿಗೆ ಮಾತ್ರೆ ಕಡಿಮೆಯಾಗಿತ್ತು. ನಾಲ್ವರಿಗೆ ಬಿ.ಪಿ. ಮೊದಲಿಗಿಂತ ಹತೋಟಿಗೆ ಬಂದಿತ್ತು. ಉಳಿದ ನಾಲ್ವರಿಗೆ ಏನೂ ಪ್ರಯೋಜನವಾಗಲಿಲ್ಲ. ಆಕೆ ಅದನ್ನೂ ಮುಚ್ಚಿಡಲಿಲ್ಲ!

ಈ ಪೆಟ್ಟಿಗೆಯದೇ ಬಯೋಫೀಡ್‌ಬ್ಯಾಕ್ ಎಂಬ ದೊಡ್ಡ ಹೆಸರು. ಒಳಗಿರುವುದು ಸಣ್ಣ ಸಂಗತಿ. ಬೆರಳುಗಳಿಗೆ ಎರಡು ಪುಟ್ಟ ಪಟ್ಟಿ, ಅಲ್ಲಿಂದ ತಂತಿ. ಮನಸ್ಸಿಗೆ ಗಾಬರಿಯಾದರೆ ಬೆರಳಲ್ಲಿ ಕಂಡೂ ಕಾಣದಂತೆ ಬೆವರು. ಬೆವರಿದ ಚರ್ಮದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಪೆಟ್ಟಿಗೆಯ ಸದ್ದು ಏರುತ್ತದೆ. ಮೈ ಸಡಿಲವಾದರೆ ಸದ್ದು ಇಳಿಯುತ್ತದೆ. ತಲೆನೋವಿನವರಿಗೆ ಹಣೆಯ ಸ್ನಾಯುವಿನ ಬಿಗಿತ ಅಳೆಯುವ ಮೆಷಿನ್ನು, ಬೆರಳ ತುದಿಯ ಬಿಸಿ ಅಳೆಯುವ ಮೆಷಿನ್ನು ಬೇರೆ ಇವೆ. ಯಾವುದಾದರೂ ಅಷ್ಟೇ. ತಕ್ಕಡಿ ಅಕ್ಕಿ ಬೆಳೆಯುವುದಿಲ್ಲ, ತೂಕ ತೋರಿಸುತ್ತದೆ. ಇದೂ ಹಾಗೇ. ಇದರಿಂದ ಮೈಗೆ ಔಷಧಿ ಹೋಗುವುದಿಲ್ಲ. ಕಲಿಯಬೇಕಾದವರು ನಾವೇ.

ಯೋಗಕ್ಕೆ ಮೆಷಿನ್ ಯಾಕ್ರೀ ಅನ್ನುವ ಹಿರಿಯರಿದ್ದಾರೆ. ಅವರ ಮಾತೂ ತಪ್ಪಲ್ಲ. ಆದರೆ ಕಣ್ಣು ಮುಚ್ಚಿ ಮಲಗಿದವರಲ್ಲಿ ಎಷ್ಟು ಜನ ಒಳಗೊಳಗೇ ಬಡ್ಡಿ ಲೆಕ್ಕ ಹಾಕುತ್ತಿರುತ್ತಾರೋ! ನೋಡುವವರಿಗೆ ಅದು ಶವಾಸನ. ಪೆಟ್ಟಿಗೆ ಮಾತ್ರ ಪಟ್ಟಂತ ಕಳ್ಳನನ್ನು ಹಿಡಿದುಕೊಡುತ್ತದೆ. ಇನ್ನೊಂದು ತಮಾಷೆ. ಹಟ ಹಿಡಿದು ಸದ್ದು ಇಳಿಸಲು ಹೊರಟರೆ ಅದು ಏರುತ್ತದೆ. ಕೈಬಿಟ್ಟು ಸುಮ್ಮನಾದರೆ ಇಳಿಯುತ್ತದೆ. ಇದು ಗೊತ್ತಾಗಲಿಕ್ಕೇ ಹಲವರಿಗೆ ಒಂದೆರಡು ವಾರ ಬೇಕು.

ಅದೇ ಡಾಕ್ಟರು ಮತ್ತು ಜೊತೆಗಾರರು 1981ರಲ್ಲಿ ಇನ್ನೊಂದು ಪರೀಕ್ಷೆಯ ವರದಿ ಕೊಟ್ಟರು. ಈ ಸಲ ದೊಡ್ಡ ಕೈಗಾರಿಕೆಯೊಂದರ 204 ನೌಕರರು. ಎಲ್ಲರಿಗೂ ಆರೋಗ್ಯದ ಕರಪತ್ರ ಕೊಟ್ಟರು. ಒಂದು ಗುಂಪಿಗೆ ಮಾತ್ರ ವಾರಕ್ಕೊಂದು ಗಂಟೆಯಂತೆ ಎಂಟು ವಾರ ಪಾಠ. ಪಾಠ ಕಲಿತವರ ಬಿ.ಪಿ. ಹೆಚ್ಚು ಇಳಿಯಿತು. ನಾಲ್ಕು ವರ್ಷದ ನಂತರ ನೋಡಿದಾಗಲೂ ಆ ವ್ಯತ್ಯಾಸ ಉಳಿದಿತ್ತು. ಬರೀ ಕರಪತ್ರ ಓದಿ ಮಡಿಚಿಟ್ಟವರಿಗೆ ಅಷ್ಟು ದಕ್ಕಲಿಲ್ಲ.

ಹಾಗಂತ ಈ ಸುದ್ದಿ ಓದಿ ಇವತ್ತು ರಾತ್ರಿಯೇ ಬಿ.ಪಿ. ಮಾತ್ರೆ ಎಸೆಯುವವರಿಗೆ ಒಂದು ಮಾತು. ದಯವಿಟ್ಟು ಬೇಡಿ. ಆಮೇಲೆ ಬೇರೆಯವರು ನಡೆಸಿದ ಪರೀಕ್ಷೆಗಳಲ್ಲಿ ಬಿ.ಪಿ. ವಿಷಯಕ್ಕೆ ಫಲ ಒಂದೇ ಸಮ ಬಂದಿಲ್ಲ. ಮೈಗ್ರೇನ್, ಬಿಗಿತದ ತಲೆನೋವುಗಳಿಗೆ ಈ ಕಲಿಕೆಯ ಆಧಾರ ಹೆಚ್ಚು ಗಟ್ಟಿ. ಇಂಗ್ಲೆಂಡಿನ ಆ ಐವರಿಗೂ ಮಾತ್ರೆ ನಿಲ್ಲಿಸಿದ್ದು ಡಾಕ್ಟರು, ಅಳೆದು ನೋಡುತ್ತಾ. ತಾವೇ ನಿಲ್ಲಿಸಿಕೊಂಡು ಲಕ್ವ ಹೊಡೆದರೆ ಅಂಗಡಿ ನೋಡುವವರ್ಯಾರು? ಹಾಗೆಯೇ, ಮೆಷಿನ್ ಮಾರಲು ಬಂದವರು ಅದೇ ರೋಗ ವಾಸಿ ಮಾಡುತ್ತೆ ಅಂದರೆ ಬಾಗಿಲು ತೋರಿಸಿ. ನಿಜಕ್ಕೂ ಕಲಿಯಬೇಕೆನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ಕ್ಲಿನಿಕಲ್ ಸೈಕಾಲಜಿ ವಿಭಾಗದಲ್ಲಿ ತರಬೇತಿಯುಂಟು.

ಬೆಂಗಳೂರಿಗೆ ಹೋಗಲಾಗದವರಿಗೆ ಬಸ್ಸೇ ಪಾಠಶಾಲೆ. ಸೀಟು ಸಿಕ್ಕಿದರೆ ಬೆರಳ ತುದಿಯನ್ನು ಕೆನ್ನೆಗೆ ತಾಗಿಸಿ ನೋಡಿ. ಚಳಿಯಿಲ್ಲದ ದಿನವೂ ತಣ್ಣಗಿದ್ದರೆ ಮೈ ಬಿಗಿದುಕೊಂಡಿರಬಹುದು. ಹೆಗಲು ಇಳಿಬಿಡಿ, ಹಲ್ಲಿಗೆ ಹಲ್ಲು ತಾಗದಂತೆ ದವಡೆ ಸಡಿಲಿಸಿ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ನಿಮಿಷಕ್ಕೆ ಆರು ಉಸಿರಾಯಿತು. ತಲೆ ಸುತ್ತಿದರೆ ನಿಲ್ಲಿಸಿ. ಮೂರ್ನಾಲ್ಕು ಸ್ಟಾಪ್ ಕಳೆದ ಮೇಲೆ ಬೆರಳನ್ನು ಮತ್ತೆ ಕೆನ್ನೆಗೆ ಹಿಡಿಯಿರಿ. ಬೆಚ್ಚಗಾಗಿದ್ದರೆ ಪಾಠ ಹತ್ತಿತು ಅಂತ ಲೆಕ್ಕ.

ಅಂಗಡಿಯವರಿಗೆ ಕೊನೆಗೊಂದು ಉಪಾಯ, ಅದೂ ಚಂದ್ರಾ ಪಟೇಲರದೇ. ಗಡಿಯಾರಕ್ಕೆ ಒಂದು ಕೆಂಪು ಚುಕ್ಕೆ ಅಂಟಿಸಿಕೊಳ್ಳಿ, ಅದು ಕಣ್ಣಿಗೆ ಬಿದ್ದಾಗಲೆಲ್ಲ ಒಂದು ನಿಧಾನದ ಉಸಿರು ಬಿಡಿ ಅಂತ ಆಕೆ ಹೇಳುತ್ತಿದ್ದರು. ಗಡಿಯಾರ ಕಟ್ಟದವರು ಮನೆಯಾಕೆಯ ಒಂದು ಸ್ಟಿಕ್ಕರ್ ಬಿಂದಿಯನ್ನು ಗಲ್ಲಾಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದರೂ ನಡೆದೀತು. ಸಾಲದ ಗಿರಾಕಿ ಬಂದಾಗ ಹೇಗೂ ಕಣ್ಣು ಹೋಗುವುದು ಅಲ್ಲಿಗೇ ತಾನೆ!